ಕುಗ್ಗಿದ ಹಗಲು, ಕುಗ್ಗಿದ ಹೃದಯ: ರೋಜಾದಿಂದ ಕಂಡ ಒಂದು ಸಭಾಚರಿತ್ರೆ

ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ ಕಲಬುರಗಿಯ ರೋಜಾ ಬಡಾವಣೆಯ ಮೇಲೆ ಸೂರ್ಯನು ಬೆಳಿಗ್ಗೆ ಸುಮಾರು 6 ಗಂಟೆ 50 ನಿಮಿಷಕ್ಕೆ ಮೂಡಿ ಸಂಜೆ 5 ಗಂಟೆ 50 ನಿಮಿಷದ ಹೊತ್ತಿಗೆ ಮುಳುಗುತ್ತಾನೆ. ವರ್ಷದ ಅತಿ ಚಿಕ್ಕ ಹಗಲಿಗೂ ನಮ್ಮಲ್ಲಿ ಹನ್ನೊಂದು ಗಂಟೆಗಳ ಉದ್ದವಿದೆ. ದರ್ಗಾದ ದಾರಿಯಲ್ಲಿ ಚಹಾ ಅಂಗಡಿಯ ಮುಂದೆ ಉಣ್ಣೆಯ ಟೋಪಿ ಹಾಕಿಕೊಂಡು ನಿಂತವರು ಎಂಟು ಗಂಟೆಗೆಲ್ಲ ಅದನ್ನು ತೆಗೆದು ಕಂಕುಳಲ್ಲಿ ಇರಿಸಿಕೊಳ್ಳುತ್ತಾರೆ. ಅದೇ ದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹಗಲು ಎಂಟೂವರೆ ಗಂಟೆಯನ್ನೂ ಮುಟ್ಟುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಆರು ಗಂಟೆ ಮಾತ್ರ. ಆಗಮನ ಕಾಲದಲ್ಲಿ ನಾವು ಹಾಡುವ ಕೀರ್ತನೆಗಳಲ್ಲಿಯೂ ಮಾಡುವ ಪ್ರಾರ್ಥನೆಗಳಲ್ಲಿಯೂ ಮತ್ತೆ ಮತ್ತೆ ಬರುವ ಕತ್ತಲೆ, ಹಿಮ, ದೀಪ, ಉದಯನಕ್ಷತ್ರ ಎಂಬ ಮಾತುಗಳು ಬಹುಮಟ್ಟಿಗೆ ಆ ಎಂಟು ಗಂಟೆಯ ಹಗಲಿನ ನಾಡುಗಳಲ್ಲಿ ಹುಟ್ಟಿದವು.

ಈ ವ್ಯತ್ಯಾಸವನ್ನು ನಾವು ಕುತೂಹಲಕ್ಕಾಗಿ ಎತ್ತಿಕೊಂಡಿಲ್ಲ. ನಮ್ಮ ಸಭೆಗಳಿಂದ ಕೆನಡಾ, ಜರ್ಮನಿ, ಬ್ರಿಟನ್ ದೇಶಗಳಿಗೆ ಹೋಗಿ ನೆಲೆಸಿದ ಕುಟುಂಬಗಳಿಂದ ಪ್ರತಿ ಚಳಿಗಾಲವೂ ಒಂದೇ ಬಗೆಯ ಮಾತು ಬರುತ್ತದೆ: ಮನಸ್ಸು ಏಳುವುದಿಲ್ಲ, ಪ್ರಾರ್ಥನೆ ಬರುವುದಿಲ್ಲ, ಎಷ್ಟು ನಿದ್ರಿಸಿದರೂ ಸಾಲದು, ನಮ್ಮ ವಿಶ್ವಾಸವೇ ತಣ್ಣಗಾಯಿತೋ ಏನೋ. ಅದಕ್ಕೆ ಉತ್ತರ ಬರೆಯಲು ಕುಳಿತ ಸಭಾಪಾಲಕನ ಕೈಯಲ್ಲಿ ಏನಿದೆ? ಇನ್ನೂ ಹತ್ತಿರದ ಪ್ರಶ್ನೆಯೂ ಇದೆ. ನಮ್ಮ ಸೇವೆಯ ಮೊದಲ ವರ್ಷಗಳಲ್ಲಿ ಈ ಸೀಮೆಯ ಒಂದು ಸಭೆಯಲ್ಲಿ ಒಬ್ಬ ತಾಯಿ ಯುಗಾದಿ ಕಳೆದ ಮೇಲೆ ಮಳೆ ಬೀಳುವವರೆಗೆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಊಟ ಬಿಡುತ್ತಿದ್ದಳು, ರಾತ್ರಿಯಿಡೀ ಎದ್ದಿರುತ್ತಿದ್ದಳು, ಆರಾಧನೆಗೆ ಬರುವುದು ನಿಂತುಹೋಗುತ್ತಿತ್ತು. ನಾವು ಆ ಬೇಸಿಗೆಯಲ್ಲಿ ಸೋಮಾರಿತನವೆಂಬ ಪಾಪದ ಮೇಲೆ ಪ್ರಸಂಗ ಮಾಡಿದೆವು. ಅವಳ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ತಿಳಿಯಿತು. ನಮ್ಮ ಅಂದಿನ ಅಜ್ಞಾನಕ್ಕೆ ಸಭೆಯ ಚರಿತ್ರೆಯು ಸಾಕ್ಷಿ ನುಡಿಯುವುದಿಲ್ಲವೆಂಬುದನ್ನು ಬಹಳ ತಡವಾಗಿ ಕಲಿತೆವು. ಆ ಕಲಿಕೆಯನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಸೋಮಾರಿತನ ಎಂದು ನಮ್ಮ ಉಪದೇಶ ಪುಸ್ತಕಗಳು ಹೇಳುವ ಮಾತಿನ ಬೇರು ಅಕೇದಿಯ ಎಂಬ ಗ್ರೀಕ್ ಪದ. ಯಾವುದರ ಮೇಲೂ ಅಕ್ಕರೆ ಹುಟ್ಟದಿರುವುದು ಎಂಬುದು ಅದರ ಅಕ್ಷರಾರ್ಥಕ್ಕೆ ಹತ್ತಿರ. ಅದನ್ನು ಸೂಕ್ಷ್ಮವಾಗಿ ಮೊದಲು ವರ್ಣಿಸಿದವನು ಪೊಂತದ ಎವಾಗ್ರಿಯನು. ರಾಜಧಾನಿಯ ವೈಭವವನ್ನು ಬಿಟ್ಟು ಈಜಿಪ್ಟಿನ ಕೆಲ್ಲಿಯ ಎಂಬ ಮರುಭೂಮಿಯ ನೆಲೆಯಲ್ಲಿ ತಪಸ್ಸಿಗೆ ಕುಳಿತು 399ರಲ್ಲಿ ಅಲ್ಲಿಯೇ ತೀರಿಕೊಂಡವನು. ಅವನು ಎಣಿಸಿದ ಎಂಟು ದುರಾಲೋಚನೆಗಳಲ್ಲಿ ಅತಿ ಭಾರವಾದದ್ದು ಇದು. ಇದು ಬರುವುದು ಚಳಿಗಾಲದ ರಾತ್ರಿಯಲ್ಲಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗಿನ ಸುಡುಬಿಸಿಲಿನಲ್ಲಿ. ಸೂರ್ಯನು ಕದಲುವುದೇ ಇಲ್ಲವೆಂಬಂತೆ, ಹಗಲಿಗೆ ಐವತ್ತು ಗಂಟೆಗಳಿವೆಯೆಂಬಂತೆ ತೋರುತ್ತದೆ. ಸನ್ಯಾಸಿಯು ಮತ್ತೆ ಮತ್ತೆ ಕಿಟಕಿಯ ಕಡೆಗೆ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆಯೆಂದು ನೆರಳನ್ನು ಅಳೆಯುತ್ತಾನೆ, ಇರುವ ಜಾಗವನ್ನೂ ಮಾಡುವ ಕೆಲಸವನ್ನೂ ಹೇಸುತ್ತಾನೆ, ಸೋದರರಲ್ಲಿ ಪ್ರೀತಿ ಉಳಿದಿಲ್ಲವೆಂದು ಕೊರಗುತ್ತಾನೆ. ತೊಂಬತ್ತೊಂದನೆಯ ಕೀರ್ತನೆಯ ಆರನೆಯ ವಚನದಲ್ಲಿ ಮಧ್ಯಾಹ್ನದ ಹಾವಳಿಯ ಮಾತು ಬರುತ್ತದಷ್ಟೆ. ಗ್ರೀಕ್ ಭಾಷಾಂತರಕಾರರು ಅಲ್ಲಿ ಮಧ್ಯಾಹ್ನದ ದೆವ್ವ ಎಂದು ಬರೆದಿದ್ದರು. ಎವಾಗ್ರಿಯನು ತನ್ನ ಶತ್ರುವಿಗೆ ಆ ಹೆಸರನ್ನೇ ಇಟ್ಟನು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಾಗಿರುವ ಕಲಬುರಗಿಯ ವಾಚಕರಿಗೆ ಈ ವರ್ಣನೆಯನ್ನು ವಿವರಿಸಬೇಕಾಗಿಲ್ಲ. ಮನಸ್ಸನ್ನು ಕುಗ್ಗಿಸುವ ನಮ್ಮ ಋತುವು ಹೇಮಂತವಲ್ಲ, ಗ್ರೀಷ್ಮ. ಉತ್ತರದವರು ಬೆಳಕಿಗಾಗಿ ಹಂಬಲಿಸಿದಂತೆ ನಾವು ನೆರಳಿಗಾಗಿ ಹಂಬಲಿಸುತ್ತೇವೆ. ಯೆಶಾಯನ ಗ್ರಂಥದ ಮೂವತ್ತೆರಡನೆಯ ಅಧ್ಯಾಯದಲ್ಲಿ ದಣಿದ ನೆಲದ ಮೇಲೆ ಬೀಳುವ ಬಂಡೆಯ ನೆರಳಿನ ಚಿತ್ರವಿದೆ. ಆಗಮನ ಕಾಲದ ಪಾಠಗಳಿಗಿಂತ ಅದು ನಮಗೆ ಹತ್ತಿರವಲ್ಲವೇ ಎಂದು ನಮಗೆ ಹಲವು ಸಾರಿ ಅನ್ನಿಸಿದೆ.

ಎವಾಗ್ರಿಯನ ಬೋಧನೆಯನ್ನು ಲತೀನ್ ಲೋಕಕ್ಕೆ ದಾಟಿಸಿದವನು ಯೋಹಾನ ಕಾಸ್ಸಿಯಾನನು. ಗಾಲ್ ದೇಶದ ಸನ್ಯಾಸಿಗಳಿಗಾಗಿ ಐದನೆಯ ಶತಮಾನದ ಆದಿಯಲ್ಲಿ ಅವನು ಬರೆದ ಮಠನಿಯಮಗಳ ಹತ್ತನೆಯ ಭಾಗವೆಲ್ಲ ಅಕೇದಿಯವನ್ನು ಕುರಿತದ್ದು. ಅಲ್ಲಿ ಪೌಲನೆಂಬ ಒಬ್ಬ ತಂದೆಯ ಕಥೆಯಿದೆ. ಊರಿನಿಂದ ಬಹಳ ದೂರದಲ್ಲಿ ಇದ್ದುದರಿಂದ ಅವನು ಹೆಣೆದದ್ದನ್ನು ಮಾರಲು ಸಾಗಿಸುವ ಕೂಲಿಯೇ ಬೆಲೆಗಿಂತ ಹೆಚ್ಚಾಗುತ್ತಿತ್ತು. ಆದರೂ ಅವನು ಪ್ರತಿದಿನ ಖರ್ಜೂರದ ಗರಿಗಳನ್ನು ಕೂಡಿಸಿ, ಹೊಟ್ಟೆಪಾಡು ಅದರಿಂದಲೇ ನಡೆಯುವುದೋ ಎಂಬಂತೆ ದುಡಿಯುತ್ತಿದ್ದನು. ವರ್ಷ ಮುಗಿದಾಗ ಗುಹೆ ತುಂಬಿದ ಆ ದುಡಿಮೆಗೆಲ್ಲ ಬೆಂಕಿ ಹಚ್ಚಿ ಮತ್ತೆ ಮೊದಲಿನಿಂದ ತೊಡಗುತ್ತಿದ್ದನು. ಕಾಯಕದ ನಾಡಿನಲ್ಲಿ ಬೆಳೆದ ನಮಗೆ ಇದು ಮೆಚ್ಚುಗೆಯಾಗುವಷ್ಟೇ ಕಸಿವಿಸಿಯನ್ನೂ ತರುತ್ತದೆ. ದುಡಿಮೆಯ ಫಲವು ಯಾರ ಹಸಿವನ್ನೂ ನೀಗಿಸದೆ ಬೂದಿಯಾಗುವುದು ಶರಣರಿಗೆ ಒಪ್ಪಿಗೆಯಾಗುತ್ತಿರಲಿಲ್ಲವೆಂದೇ ನಮ್ಮ ಊಹೆ. ಆದರೆ ಕೈಗಳಿಗೆ ಕೆಲಸವಿದ್ದರೆ ಮನಸ್ಸು ಉಳಿಯುತ್ತದೆಂಬ ಆ ಮುದುಕನ ಅನುಭವವನ್ನು ಅಲ್ಲಗಳೆಯಲಾರೆವು.

ಮುಂದಿನ ತಿರುವು ನಷ್ಟದ ತಿರುವು. ಪೋಪ್ ಮಹಾ ಗ್ರೆಗೋರಿಯು ಆರನೆಯ ಶತಮಾನದ ಕೊನೆಯಲ್ಲಿ ಎಂಟನ್ನು ಏಳಕ್ಕೆ ಇಳಿಸಿ, ಅಕೇದಿಯವನ್ನು ದುಃಖವೆಂಬ ದುರ್ಗುಣದೊಳಗೆ ಸೇರಿಸಿದನು. ಶತಮಾನಗಳು ಉರುಳಿದಂತೆ ಜನರ ಬಾಯಲ್ಲಿ ಅದು ಮೈಗಳ್ಳತನವಾಯಿತು. ಮರುಭೂಮಿಯ ತಂದೆಗಳು ಒಳಗಿನ ಆಕ್ರಮಣವೆಂದು ಕಂಡದ್ದು ಹೊರಗಿನ ನಡತೆಯ ದೋಷವಾಗಿ ಇಳಿಯಿತು. ಈ ಒಂದು ಪದದ ಇಳಿಜಾರಿನಲ್ಲಿ ಎಷ್ಟು ಜನ ಜಾರಿಬಿದ್ದರೋ! ನಮ್ಮ ಪ್ರಸಂಗವೂ ಆ ಇಳಿಜಾರಿನ ತಳದಲ್ಲೇ ಇತ್ತು.

ಆದರೂ ಎಲ್ಲರೂ ಜಾರಲಿಲ್ಲ. ಹದಿಮೂರನೆಯ ಶತಮಾನದ ಫ್ರಾನ್ಸಿಸ್ಕನ್ ಗುರುವಾದ ಆಗ್ಸ್‌ಬರ್ಗಿನ ದಾವಿದನು ಹೊಸ ಸನ್ಯಾಸಿಗಳಿಗೆ ಪಾಠ ಹೇಳುವಾಗ ಅಕೇದಿಯದಲ್ಲಿ ಬಗೆಗಳಿವೆಯೆಂದನು. ಏನೂ ರುಚಿಸದೆ ಹತಾಶೆಗೆ ವಾಲುವ ಮನಸ್ಸಿನ ಕಹಿಯೂ ಅವುಗಳಲ್ಲೊಂದು; ಅದು ಕೆಲವೊಮ್ಮೆ ದೇಹದ ದೋಷಗಳಿಂದ ಹುಟ್ಟುತ್ತದೆ, ಆಗ ಅದಕ್ಕೆ ಮದ್ದು ಹೇಳಬೇಕಾದವನು ಯಾಜಕನಲ್ಲ, ವೈದ್ಯನು ಎಂದು ಸ್ಪಷ್ಟವಾಗಿ ಬರೆದನು. ಏಳುನೂರು ವರ್ಷಗಳಿಗೂ ಹಿಂದಿನ ಮಾತು ಇದು. ಅದೇ ಶತಮಾನದಲ್ಲಿ ತೋಮಸ್ ಅಕ್ವಿನಾಸನು ತನ್ನ ಮಹಾಗ್ರಂಥದಲ್ಲಿ ದುಃಖದ ಪರಿಹಾರಗಳಿಗಾಗಿಯೇ ಒಂದು ಪ್ರಶ್ನೆಯನ್ನು ಮೀಸಲಿಟ್ಟನು. ಎರಡನೆಯ ಭಾಗದ ಮೊದಲರ್ಧದ ಮೂವತ್ತೆಂಟನೆಯ ಪ್ರಶ್ನೆ ಅದು. ಸೆಮಿನರಿಯ ವಿದ್ಯಾರ್ಥಿಗಳು ಆ ಪುಟಗಳನ್ನು ತಪ್ಪದೆ ಓದಬೇಕು. ಯಾವುದೇ ಹಿತವಾದ ಸಂತೋಷ, ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ, ಕೊನೆಗೆ ನಿದ್ರೆ ಮತ್ತು ಸ್ನಾನ. ಅತಿ ಗಹನವಾದ ದೇವಜ್ಞಾನಿಯು ಬಿಸಿನೀರಿನ ಸ್ನಾನಕ್ಕೂ ಒಂದು ವಿಭಾಗ ಕೊಟ್ಟನಲ್ಲ ಎಂದು ಮೊದಲ ಓದಿನಲ್ಲಿ ನಾವು ನಕ್ಕದ್ದುಂಟು. ಅವನು ಸಾಕ್ಷಿಗೆ ಕರೆಯುವುದು ಅಗಸ್ಟೀನನನ್ನು. ತಾಯಿ ಮೋನಿಕಳನ್ನು ಮಣ್ಣುಮಾಡಿದ ದಿನ ಅಗಸ್ಟೀನನು ಸ್ನಾನಗೃಹಕ್ಕೆ ಹೋದನು. ಸ್ನಾನದಿಂದ ಏನೂ ಆಗಲಿಲ್ಲ, ಆ ಮೇಲೆ ಮಲಗಿ ಎದ್ದಾಗ ಮಾತ್ರ ದುಃಖವು ಸ್ವಲ್ಪ ಸಡಿಲಿತ್ತೆಂದು ತನ್ನ ಅರಿಕೆಗಳ ಒಂಬತ್ತನೆಯ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಎಲೀಯನಿಗೂ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು ಮತ್ತು ಇನ್ನೊಂದು ನಿದ್ರೆ. ಪ್ರಶ್ನೆ ಕೇಳಿದ್ದು ಹೋರೇಬಿನಲ್ಲಿ, ನಲವತ್ತು ದಿನಗಳ ಮೇಲೆ.

ಈಗ ಉತ್ತರದ ಚಳಿಗಾಲಕ್ಕೆ ಬರೋಣ. ರೋಮಾಪುರಿಯ ಸಭೆಯು ಡಿಸೆಂಬರ್ 25ನ್ನು ಕರ್ತನ ಜನನದ ದಿನವೆಂದು ಆಚರಿಸಿದ್ದಕ್ಕೆ 354ರ ಪಂಚಾಂಗದಲ್ಲಿ ಆಧಾರವಿದೆ. ಅದರೊಳಗಿನ ಪಟ್ಟಿಯನ್ನು ವಿದ್ವಾಂಸರು 336ರದೆಂದು ಗಣಿಸುತ್ತಾರೆ. ಆ ದಿನವನ್ನು ಆರಿಸಿದ ಕಾರಣದ ಬಗ್ಗೆ ಎರಡು ವಾದಗಳಿವೆ: ಸೂರ್ಯದೇವನ ಹಬ್ಬಕ್ಕೆ ಎದುರಾಗಿ ಎಂಬುದೊಂದು, ಮಾರ್ಚ್ 25ರಿಂದ ಒಂಬತ್ತು ತಿಂಗಳು ಎಣಿಸಿದ್ದರಿಂದ ಎಂಬುದೊಂದು. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ಹಬ್ಬವು ಅತಿ ದೀರ್ಘವಾದ ರಾತ್ರಿಗಳ ನಡುವೆ ಬಂದು ಕುಳಿತಿತು, ಸುವಾರ್ತೆಯು ಉತ್ತರಕ್ಕೆ ಹರಡಿದಂತೆ ಆ ರಾತ್ರಿಗಳು ಇನ್ನೂ ಉದ್ದವಾದವು. ಜರ್ಮನಿಯ ಊನ್ನಾ ಪಟ್ಟಣದಲ್ಲಿ 1597ರ ಬೇಸಿಗೆಯಿಂದ 1598ರ ಜನವರಿಯವರೆಗೆ ಪ್ಲೇಗು ಸಾವಿರಕ್ಕೂ ಮಿಕ್ಕಿ ಜನರನ್ನು ಒಯ್ದಿತು. ಅಲ್ಲಿನ ಸಭಾಪಾಲಕ ಫಿಲಿಪ್ ನಿಕೊಲಾಯಿಯ ಮನೆ ಸ್ಮಶಾನದ ಪಕ್ಕದಲ್ಲಿತ್ತು. ಹೂಳುವುದೇ ದಿನಚರಿಯಾಗಿದ್ದ ಆ ತಿಂಗಳುಗಳಲ್ಲಿ ಅವನು ನಿತ್ಯಜೀವದ ಆನಂದವನ್ನು ಕುರಿತು ಒಂದು ಪುಸ್ತಕ ಬರೆದನು. 1599ರಲ್ಲಿ ಪ್ರಕಟವಾದ ಅದರ ಜೊತೆಗೆ ಬಂದ ಎರಡು ಕೀರ್ತನೆಗಳು, ಕಾವಲುಗಾರರ ಕೂಗಿನದೊಂದು, ಉದಯನಕ್ಷತ್ರದ್ದೊಂದು, ಇಂದಿಗೂ ಲೋಕವೆಲ್ಲ ಹಾಡುವಂಥವು.

ಲೂಥರನ ವಿಷಯವನ್ನು ಬಿಡುವಂತಿಲ್ಲ. ತಾನೇ ಮನೋವ್ಯಥೆಯಲ್ಲಿ ಬೆಂದವನಾದ್ದರಿಂದ ಅವನ ಬುದ್ಧಿಮಾತುಗಳಲ್ಲಿ ಸಿದ್ಧಾಂತಕ್ಕಿಂತ ಪ್ರಾಯೋಗಿಕತೆ ಹೆಚ್ಚು. 1530ರಲ್ಲಿ ಕೋಬುರ್ಗ್ ಕೋಟೆಯಿಂದ, ತನ್ನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಯೆರೋಮ್ ವೆಲ್ಲರನಿಗೆ ಬರೆಯುತ್ತಾ ಒಂಟಿತನದಿಂದ ಓಡಿಹೋಗು, ಮನೆಯವರೊಡನೆ ಹಾಸ್ಯಮಾಡು, ಆಟವಾಡು ಎಂದು ಹೇಳಿದನು. 1534ರಲ್ಲಿ ಅನ್ಹಾಲ್ಟಿನ ಯುವರಾಜ ಯೋವಾಕಿಮನಿಗೆ ಕುದುರೆ ಸವಾರಿ, ಬೇಟೆ, ಒಳ್ಳೆಯ ಜನರ ಸಹವಾಸ, ಸಂಗೀತ ಎಂದು ಸೂಚಿಸಿದನು. ಉಪವಾಸ ಮಾಡೆಂದು ಹೇಳಲಿಲ್ಲವೆಂಬುದನ್ನು ಗಮನಿಸಬೇಕು.

ಆಗಮನ ಕಾಲದ ಮಾಲೆಯ ಕಥೆಯೂ ಹಾಗೆಯೇ ಬಡತನದ ನಡುವೆ ಹುಟ್ಟಿದ್ದು. ಹ್ಯಾಂಬುರ್ಗಿನಲ್ಲಿ ಯೋಹಾನ್ ಹಿನ್ರಿಶ್ ವಿಖೆರ್ನ್ ಎಂಬ ಪಾಲಕನು ಬೀದಿಯ ಮಕ್ಕಳಿಗಾಗಿ ಒಂದು ಮನೆ ನಡೆಸುತ್ತಿದ್ದನು. ಕ್ರಿಸ್ಮಸ್ ಯಾವಾಗ ಬರುತ್ತದೆಂದು ದಿನವೂ ಕೇಳುವ ಆ ಮಕ್ಕಳಿಗಾಗಿ 1839ರಲ್ಲಿ ಬಂಡಿಯ ಹಳೆಯ ಚಕ್ರವೊಂದರ ಮೇಲೆ ನಾಲ್ಕು ದೊಡ್ಡ ಬಿಳಿಯ ಮೇಣದ ಬತ್ತಿಗಳನ್ನೂ ಇಪ್ಪತ್ತು ಚಿಕ್ಕ ಕೆಂಪು ಬತ್ತಿಗಳನ್ನೂ ನಿಲ್ಲಿಸಿದನು. ಕತ್ತಲೆ ಹೆಚ್ಚುತ್ತಿದ್ದ ದಿನಗಳಲ್ಲಿ ಚಕ್ರದ ಮೇಲಿನ ಬೆಳಕು ದಿನಕ್ಕೊಂದರಂತೆ ಹೆಚ್ಚಿತು. ಐದು ವರ್ಷಗಳ ಹಿಂದೆಯಷ್ಟೇ, 1834ರಲ್ಲಿ, ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದಿದ್ದರು. ಜರ್ಮನ್ ರಾಗಗಳೂ ಋತುಚಿತ್ರಗಳೂ ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಅವರ ಹಾದಿಯಲ್ಲಿ. ಆದರೆ ಅದೇ ಮಿಷನ್ನಿನವನಾದ ಫರ್ಡಿನಂಡ್ ಕಿಟ್ಟೆಲ್ 1862ರ ಕಥಾಮಾಲೆಯಲ್ಲಿ ಕರ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹಾಡಲು ಹೊರಟನು. ಎರವಲು ಹಿಮದಿಂದ ನಮ್ಮ ಹಾಡು ಬಿಡಿಸಿಕೊಳ್ಳಬೇಕೆಂಬ ಅರಿವು ಅಷ್ಟು ಹಳೆಯದು.

ಬೀದರ್ ಕಲಬುರಗಿ ಸೀಮೆಯಲ್ಲಿ ಬೇರೂರಿರುವುದು ಮೆಥೋಡಿಸ್ಟ್ ಪರಂಪರೆ. ಆದ್ದರಿಂದ ಜಾನ್ ವೆಸ್ಲಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1760ರಲ್ಲಿ ಅವನು ಪ್ರಕಟಿಸಿದ ಎರಡು ಪ್ರಸಂಗಗಳು ಜೋಡಿಯಾಗಿವೆ. ಒಂದು ಅರಣ್ಯಸ್ಥಿತಿಯನ್ನು ಕುರಿತದ್ದು, ಮತ್ತೊಂದು ಪೇತ್ರನ ಮೊದಲನೆಯ ಪತ್ರಿಕೆಯ ಮೊದಲ ಅಧ್ಯಾಯದ ಆರನೆಯ ವಚನವನ್ನು ಹಿಡಿದು ಮನೋಭಾರವನ್ನು ಕುರಿತದ್ದು. ಆತ್ಮದ ಕತ್ತಲೆ ಬೇರೆ, ಮನಸ್ಸಿನ ಭಾರ ಬೇರೆ ಎಂಬುದೇ ಅವನ ವಾದದ ತಿರುಳು. ಕತ್ತಲೆಯಲ್ಲಿ ವಿಶ್ವಾಸ ನಂದಿರುತ್ತದೆ. ಭಾರದಲ್ಲಿ ವಿಶ್ವಾಸ, ನಿರೀಕ್ಷೆ, ಪ್ರೀತಿ ಎಲ್ಲವೂ ಇದ್ದುಕೊಂಡೇ ಮನಸ್ಸು ಕುಸಿದಿರಬಹುದು, ಆ ಕುಸಿತ ದೇಹವನ್ನೂ ಹಿಂಡಬಹುದು. ಕಾರಣಗಳನ್ನು ಎಣಿಸುವಾಗ ಅವನು ಮೊದಲು ಹೇಳುವುದು ಪಾಪವನ್ನಲ್ಲ, ದೇಹದ ರೋಗಗಳನ್ನು. ಬಳಿಕ ಬಡತನವನ್ನು, ಹತ್ತಿರದವರ ಸಾವನ್ನು. ಹಸಿದ ಮಕ್ಕಳಿಗೆ ರೊಟ್ಟಿಯಿಲ್ಲದ ಮನೆಯನ್ನು ಕಂಡರಿಯದವರು ಬಡತನವನ್ನು ಹಗುರವಾಗಿ ಮಾತನಾಡುತ್ತಾರೆಂದು ಅಲ್ಲಿ ಅವನ ದನಿ ಬಿಸಿಯಾಗುತ್ತದೆ. ತೊಗರಿ ಒಣಗಿದ ವರ್ಷ ಸಾಲಗಾರನು ಬಾಗಿಲಿಗೆ ಬಂದಾಗ ಈ ಸೀಮೆಯ ಮನೆಗಳಲ್ಲಿ ಆಗುವುದನ್ನು ಕಂಡವರಿಗೆ ಆ ಪುಟಗಳು ಇಲ್ಲಿಯೇ ಬರೆದಂತಿವೆ.

ಇದೇ ವೆಸ್ಲಿಯು ಬಡವರಿಗಾಗಿ 1747ರಲ್ಲಿ ಒಂದು ಮನೆಮದ್ದಿನ ಪುಸ್ತಕವನ್ನೂ ಪ್ರಕಟಿಸಿದ್ದನು. 1759ರ ಮೇ ತಿಂಗಳ ಅವನ ದಿನಚರಿಯಲ್ಲಿ ಹೊಟ್ಟೆನೋವಿನಿಂದ ನರಳುತ್ತಿದ್ದ ಒಬ್ಬ ಹೆಂಗಸಿನ ಪ್ರಸ್ತಾಪವಿದೆ. ವೈದ್ಯರು ಔಷಧದ ಮೇಲೆ ಔಷಧ ಕೊಟ್ಟರು. ನೋವಿನ ಬೇರು ತೀರಿಹೋದ ಮಗನ ಕೊರಗಿನಲ್ಲಿತ್ತು, ಅದನ್ನು ಯಾರೂ ಕೇಳಲಿಲ್ಲ. ವೈದ್ಯನು ಮನಸ್ಸನ್ನು ಮರೆಯುವುದೂ ಪಾಲಕನು ದೇಹವನ್ನು ಮರೆಯುವುದೂ ಒಂದೇ ತಪ್ಪಿನ ಎರಡು ಮುಖಗಳೆಂದು ನಮಗೆ ತೋರುತ್ತದೆ.

ಇಷ್ಟೆಲ್ಲ ದೂರ ಸುತ್ತಿ ಬಂದ ಮೇಲೆ ರೋಜಾದಲ್ಲಿಯೇ ಇರುವ ಒಂದು ಸಾಕ್ಷಿಯನ್ನು ಹೇಳದಿದ್ದರೆ ನೆರೆಹೊರೆಗೆ ಅನ್ಯಾಯವಾದೀತು. ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ, ತೈಮೂರನ ದಾಳಿಗೆ ತುತ್ತಾದ ದೆಹಲಿಯನ್ನು ಬಿಟ್ಟು ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜರು ಬರೆದ ಗ್ರಂಥಗಳಲ್ಲಿ ಖುಷೈರಿಯ ರಿಸಾಲೆಗೆ ವ್ಯಾಖ್ಯಾನವೂ ಒಂದು. ಹನ್ನೊಂದನೆಯ ಶತಮಾನದ ಆ ರಿಸಾಲೆಯಲ್ಲಿ ಕಬ್ಜ್ ಮತ್ತು ಬಸ್ತ್ ಎಂಬ ಎರಡು ಸ್ಥಿತಿಗಳ ವಿಚಾರವಿದೆ: ಹೃದಯ ಮುದುಡುವುದು, ಹೃದಯ ಅರಳುವುದು. ಕಾರಣ ತಿಳಿಯದೆ ಬರುವ ಮುದುಡುವಿಕೆಯೂ ಉಂಟು. ಅದನ್ನು ಬಲವಂತವಾಗಿ ಹೊರಗಟ್ಟಲು ಹೋದರೆ ಹೆಚ್ಚಾಗುತ್ತದೆ, ಒಪ್ಪಿಸಿಕೊಟ್ಟು ಆ ಗಳಿಗೆ ದಾಟುವವರೆಗೆ ಕಾಯಬೇಕು ಎಂಬುದು ಅಲ್ಲಿನ ಬುದ್ಧಿವಾದ. ನಮ್ಮ ವಿಶ್ವಾಸಪ್ರಮಾಣವೂ ಅವರದೂ ಒಂದಲ್ಲ. ಆದರೂ ಕುಗ್ಗಿದವನನ್ನು ಗದರಿಸಬಾರದೆಂಬ ಪಾಠವನ್ನು ನಾವು ಸೆಮಿನರಿಯಿಂದ ಕಲಿಯದೆ ಬಂದ ಕಾಲದಲ್ಲಿ, ನಮ್ಮ ಮನೆಯಿಂದ ನಡೆದುಹೋಗುವ ದೂರದಲ್ಲಿ ಅದು ಆರುನೂರು ವರ್ಷಗಳಿಂದ ಇತ್ತು.

ವಿಜ್ಞಾನವು ಈ ಮಾತಿಗೆ ಬಂದದ್ದು ಇತ್ತೀಚೆಗೆ. ಬಿಸಿಲಿನ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದು, ಚಳಿಗಾಲಗಳಲ್ಲಿ ತಾನೇ ಕುಗ್ಗಿದ್ದನ್ನು ಗಮನಿಸಿದ ನಾರ್ಮನ್ ರೋಸೆಂತಾಲ್ ಎಂಬ ವೈದ್ಯನೂ ಅವನ ಸಂಗಡಿಗರೂ 1984ರಲ್ಲಿ ಋತುಮಾನದ ಖಿನ್ನತೆಯನ್ನು ವಿವರಿಸಿದರು. ಬೆಳಕೇ ಅದಕ್ಕೆ ಚಿಕಿತ್ಸೆಯ ಒಂದು ಭಾಗ: ಬೆಳಿಗ್ಗೆ ಸುಮಾರು ಅರ್ಧ ಗಂಟೆ, 10,000 ಲಕ್ಸ್ ಪ್ರಮಾಣದ ದೀಪದ ಮುಂದೆ. ಕಣ್ಣಿನ ರೋಗವುಳ್ಳವರೂ ಉನ್ಮಾದ ಮತ್ತು ಖಿನ್ನತೆ ಸರದಿಯಾಗಿ ಬರುವವರೂ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ವಿದೇಶದ ನಮ್ಮ ಕುಟುಂಬಗಳಿಗೆ ಈಗ ನಾವು ಬರೆಯುವ ಉತ್ತರದಲ್ಲಿ ಕೀರ್ತನೆಯ ಸಂಖ್ಯೆಗಿಂತ ಮೊದಲು ಈ ಮಾತಿರುತ್ತದೆ. ಹಗಲಿರುವಾಗ ಹೊರಗೆ ನಡೆಯಿರಿ, ಭಾನುವಾರದ ಊಟವನ್ನು ಒಬ್ಬರೇ ಮಾಡಬೇಡಿರಿ ಎಂಬುದೂ ಇರುತ್ತದೆ. ರೋಸೆಂತಾಲನ ಬಳಗವೇ ಕೆಲವೇ ವರ್ಷಗಳಲ್ಲಿ ಬೇಸಿಗೆಯ ಖಿನ್ನತೆಯನ್ನೂ ಗುರುತಿಸಿತು. ಅಲ್ಲಿ ನಿದ್ರೆ ಹೆಚ್ಚುವ ಬದಲು ಕಡಿಮೆಯಾಗುತ್ತದೆ, ಹಸಿವು ಸಾಯುತ್ತದೆ. ಅದನ್ನು ಓದಿದ ದಿನ ನಮಗೆ ಯಾರು ನೆನಪಾದರೆಂದು ಹೇಳಬೇಕಾಗಿಲ್ಲ.

ನಮ್ಮ ಭಾಗಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯೂ ಇದೆ. ಮಾನಸಿಕ ಚಿಕಿತ್ಸೆಯು ದೊಡ್ಡ ಆಸ್ಪತ್ರೆಯ ಗೋಡೆಗಳನ್ನು ದಾಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಯೋಗ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಮಾದರಿಯಾದದ್ದು ಅದೇ. 2022ರಿಂದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ದೊರೆಯುತ್ತದೆ. ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲಿ ಆ ಸಂಖ್ಯೆಯನ್ನು ಬರೆದಿಡಲು ಯಾವ ಸಭೆಗೂ ಖರ್ಚಿಲ್ಲ.

ಚಳಿಗಾಲವು ಕಲಬುರಗಿಗೆ ನಿಜವಾಗಿ ತರುವುದು ಎಳ್ಳಮಾವಾಸ್ಯೆಯನ್ನು. ಜೋಳ ಎದೆಯೆತ್ತರ ನಿಂತಿರುವ ಡಿಸೆಂಬರ್ ಜನವರಿಯ ಸಂಧಿಯಲ್ಲಿ ಒಂದು ದಿನ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಕಮಲಾಪುರದ ರಸ್ತೆಯಲ್ಲಿ ಆ ಬೆಳಿಗ್ಗೆ ಟ್ರ್ಯಾಕ್ಟರು, ಟಂಟಂ, ಬೈಕುಗಳ ಸಾಲು. ಸಜ್ಜೆಯ ಕಡುಬು, ಅಂಬಲಿ, ಹಲವು ಕಾಯಿ ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ, ಜಾತಿ ಮತ ಕೇಳುವುದಿಲ್ಲ. ಭೂಮಿಗೆ ಸಲ್ಲಿಸುವ ಚರಗದ ವಿಧಿಯಲ್ಲಿ ನಮ್ಮವರು ಪಾಲುಗೊಳ್ಳುವುದು ಸರಿಯೇ ಎಂಬ ಚರ್ಚೆ ಸಭೆಗಳಲ್ಲಿ ಹಳೆಯದು. ಅದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ಆದರೆ ಬಿಸಿಲು, ನಡಿಗೆ, ಸಹವಾಸ, ಊಟ, ನಗು, ಮರದ ನೆರಳಲ್ಲಿ ಒಂದು ಜೊಂಪು ಎಂದು ಲೆಕ್ಕ ಹಾಕಿದರೆ ಅಕ್ವಿನಾಸನ ಪಟ್ಟಿಯ ಬಹುಭಾಗ ಅಲ್ಲಿದೆ.

ಆ ತಾಯಿಗೆ ಕೊನೆಗೆ ಚಿಕಿತ್ಸೆ ದೊರೆಯಿತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾವಲ್ಲ, ಪಕ್ಕದ ಮನೆಯ ಮುಸಲ್ಮಾನ ಹೆಂಗಸು. ಮರುವರ್ಷ ಎಳ್ಳಮಾವಾಸ್ಯೆಯ ಸಂಜೆ ಅವಳು ಸ್ಟೀಲಿನ ಡಬ್ಬಿಯಲ್ಲಿ ಭಜ್ಜಿ ತಂದು ನಮ್ಮ ಪಡಸಾಲೆಯ ಮೇಲೆ ಇಟ್ಟಳು. ಆ ಪ್ರಸಂಗಕ್ಕಾಗಿ ಕ್ಷಮೆ ಕೇಳಲು ನಾವು ಬಾಯಿ ತೆರೆಯುವಷ್ಟರಲ್ಲಿ, ಡಬ್ಬಿ ತೊಳೆದು ಕೊಡಿರಿ, ಮಗನಿಗೆ ನಾಳೆ ಬುತ್ತಿಗೆ ಬೇಕು ಎಂದಳು.